ಹರಕೆ ತೀರಿಸಿದ ಕೆನ್ನೆ

ತುಮಕೂರಿನ ಆಸ್ಪತ್ರೆಯ ರಕ್ತನಿಧಿಯಲ್ಲಿ ಶಿವರಾಜ್ ತೋಳು ಚಾಚಿ ಮಲಗಿ, ಕೈಯಲ್ಲಿದ್ದ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದ. ತಂಗಿ ಕೋಮಲಾಗೆ ಬೆಳಿಗ್ಗೆ ಹೆರಿಗೆಯಾಗಿ ರಕ್ತ ನಿಲ್ಲದೆ ಹರಿದಿತ್ತು. ಕೊತ್ತಗೆರೆಯಿಂದ ಅವ್ವ ಗಿರಿಯಮ್ಮನನ್ನು ಕರೆದುಕೊಂಡು ಓಡಿಬಂದವನು, ಇರುವುದೆಲ್ಲ ತಗೊಳ್ಳಿ ಎಂದುಬಿಟ್ಟಿದ್ದ. ತಂಗಿಯೆಂದರೆ ಅವನಿಗೆ ಅಷ್ಟು ಪ್ರಾಣ.

ಸೂಜಿ ಚುಚ್ಚುವ ಮೊದಲು ರಕ್ತನಿಧಿಯ ಆಪ್ತಸಮಾಲೋಚಕಿ ಅನುಪಮಾ ಅವನೊಬ್ಬನನ್ನೇ ಕೂರಿಸಿಕೊಂಡು ನೂರೆಂಟು ಕೇಳಿದ್ದಳು. ಕಾಮಾಲೆ ಆಗಿತ್ತಾ? ವರ್ಷದೊಳಗೆ ಹಚ್ಚೆ ಹಾಕಿಸಿದ್ದು, ಕಿವಿ ಚುಚ್ಚಿಸಿದ್ದು ಏನಾದ್ರೂ ಇದೆಯಾ? ಎಲ್ಲಕ್ಕೂ ಇಲ್ಲವೆಂದಿದ್ದ. ಸುಳ್ಳು ಹೇಳುವ ಆಸಾಮಿಯಲ್ಲ ಅವನು. ಎರಡು ತಿಂಗಳ ಹಿಂದೆ ಮಾರಮ್ಮನ ಗುಡಿಯಲ್ಲಿ ಬಾಯಿಬೀಗ ಹಾಕಿಸಿಕೊಂಡು, ಕೆನ್ನೆಯಿಂದ ಕೆನ್ನೆಗೆ ಸರಳು ತೂರಿಸಿಕೊಂಡಿದ್ದು ಅವನ ಲೆಕ್ಕದಲ್ಲಿ ಚುಚ್ಚಿಸಿಕೊಂಡಿದ್ದೇ ಅಲ್ಲ. ಅದು ದೇವರದ್ದು! ಕೋಮಲಾಳ ಬಸಿರು ಈ ಸಲವಾದರೂ ನಿಲ್ಲಲೆಂದು ಅವ್ವ ಹೊತ್ತ ಹರಕೆ. ಗಾಯದ ಗುರುತೂ ಗಡ್ಡದೊಳಗೆ ಮುಚ್ಚಿಹೋಗಿತ್ತು.

ಫ್ಯಾನು ತಿರುಗುತ್ತಿತ್ತು. ಕಣ್ಣು ಎಳೆಯಿತು. ಗೋಡೆಗಳು ಮೆಲ್ಲಗೆ ಕರಗಿ, ಎಲ್ಲಿಂದಲೋ ತಮಟೆಯ ಸದ್ದು ತೇಲಿಬಂತು. ಗುಡಿಯ ಮುಂದೆ ಪಂಚೆ ಹಳದಿ, ನೆಲ ಹಳದಿ, ಬಿಸಿಲೂ ಹಳದಿ. ತನ್ನಂತೆಯೇ ಹರಕೆಗೆ ಬಾಯಿಬೀಗ ಹಾಕಿಸಿಕೊಂಡು ಗುಡಿಗೆ ಒಂದು ಸುತ್ತು ಮುಗಿಸಿ ಬಂದ ಊರಿನ ಚಿಕ್ಕಬೀರಯ್ಯನ ಕೆನ್ನೆಯಿಂದ ಪೂಜಾರಿ ಸರಳು ಎಳೆದ, ನಿಂಬೆಹೋಳಿನಲ್ಲಿ ಒರೆಸಿದ, ಅದನ್ನೇ ಹಿಡಿದು ಶಿವರಾಜನ ಕಡೆ ತಿರುಗಿದ. ನೋವೇ ಇಲ್ಲ. ಚಿಕ್ಕಬೀರಯ್ಯ ನಗುತ್ತಿದ್ದಾನೆ. ಅವನ ಕಣ್ಣೂ ಹಳದಿ.

ಅರಿಶಿನ ಮೈಗೆ ಹತ್ತುತ್ತದೆ ಸರಿ, ಕಣ್ಣಿನೊಳಗೂ ಇಳಿಯುತ್ತದೆಯೇ?

ಶಿವರಾಜನಿಗೆ ಎಚ್ಚರವಾಯಿತು. ಅವತ್ತು ಚಿಕ್ಕಬೀರಯ್ಯನ ಕಣ್ಣು ನಿಜಕ್ಕೂ ಹಳದಿಯಾಗಿತ್ತು, ಮೇಡಂ ಕೇಳಿದ ಕಾಮಾಲೆಯೇ ಇರಬೇಕು. ಹೇಳಿದರೆ ಮಾರಮ್ಮನನ್ನೇ ಅನುಮಾನಿಸಿದಂತೆ, ಹೇಳದಿದ್ದರೆ ತಂಗಿಯ ಗತಿ? ಪಕ್ಕದಲ್ಲಿ ಚೀಲ ತುಂಬುತ್ತಾ ಬಂದಿತ್ತು.

"ಮೇಡಂ, ಅದ್ನ ನನ್ ತಂಗಿಗೆ ಹಾಕ್ಬೇಡಿ!" ಎಂದು ಕೂಗಿ, ಬಾಯಿಬೀಗದ ಕಥೆಯನ್ನು ಒಂದೇ ಉಸಿರಿಗೆ ಹೇಳಿದ.

ಅನುಪಮಾ ಬೈಯಲಿಲ್ಲ. ಸೂಜಿ ತೆಗೆಸಿದಳು. "ಹೇಳಿದ್ದು ಒಳ್ಳೇದಾಯ್ತು. ಆ ಸರಳಿಂದ ಕಾಮಾಲೆ ಹೊಸದಾಗಿ ಅಂಟಿದ್ರೆ ಟೆಸ್ಟಲ್ಲೂ ಒಂದೊಂದ್ಸಲ ಕಾಣಲ್ಲ. ಈ ಚೀಲ ಯಾರಿಗೂ ಹೋಗಲ್ಲ. ನಿಮ್ ತಂಗಿಗೆ ಇಲ್ಲಿದ್ದ ರಕ್ತ ಆಗ್ಲೇ ಕಳ್ಸಿದೀವಿ, ಗಾಬರಿ ಬೇಡ. ಆದ್ರೆ ನೀವೂ ಡಾಕ್ಟರ್‌ಗೆ ತೋರಿಸ್ಕೋಬೇಕು."

ಹೊರಗೆ ಬೆಂಚಿನ ಮೇಲೆ ಗಿರಿಯಮ್ಮ ಕಾಯುತ್ತಿದ್ದಳು. "ಕೊಟ್ಯೇನ್ಲಾ?"

"ಇಲ್ಲ ಕಣವ್ವ. ನನ್ ರಕ್ತ ಆಗಲ್ವಂತೆ." ಸರಳಿನ ವಿಷಯವನ್ನೂ ಚಿಕ್ಕಬೀರಯ್ಯನ ಕಣ್ಣಿನ ವಿಷಯವನ್ನೂ ಹೇಳಿದ. ಬಾಯಿ ಮಾಡಿದರೆ ಬೀದಿಯೇ ಬಾಗಿಲು ಹಾಕಿಕೊಳ್ಳುವಂಥ ಹೆಂಗಸು ಅವಳು. ದೇವರಿಗೇ ಹೆಸರಿಡ್ತೀಯಾ ಅಂತ ಉಗಿಯುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತ.

ಅವಳು ಉಗಿಯಲಿಲ್ಲ. ಎದ್ದು ಬಂದು ಅವನ ಗಡ್ಡದೊಳಗೆ ಬೆರಳಾಡಿಸಿ ಆ ಗಾಯವನ್ನು ಹುಡುಕಿದಳು.

"ಅವಳ್ನ ಉಳಿಸ್ಕೊಳಕ್ಕೆ ನಿನ್ ಕೆನ್ನೆ ಕೊಟ್ಬುಟ್ನಲ್ಲೋ," ಎಂದಳು. "ನಿನ್ನೂ ನಾನೇ ಅಲ್ವೇನ್ಲಾ ಹೆತ್ತಿದ್ದು?"