ಯಲ್ಲಪ್ಪನ ಬಿಲ್ಲೆ

ನಾನು ಒಂದು ಹಿತ್ತಾಳೆ ಬಿಲ್ಲೆ. ಚಿನ್ನದ ಗಣಿಯಲ್ಲಿ ಹುಟ್ಟಿದವನು ಎಂದರೆ ಜನ ಕಣ್ಣರಳಿಸುತ್ತಾರೆ. ಹಿತ್ತಾಳೆ ಎಂದ ಕೂಡಲೇ ಮುಖ ತಿರುಗಿಸುತ್ತಾರೆ. ಏನು ಮಾಡಲಿ, ಹಣೆಬರಹ! ತಗಡು ಕತ್ತರಿಸಿ, ಮೈಮೇಲೆ ನಂಬರು ಬಡಿದು, ತಲೆಗೊಂದು ತೂತು ಕೊರೆದು ನನ್ನನ್ನು ಯಲ್ಲಪ್ಪನಿಗೆ ಕೊಟ್ಟರು.

ಗಣಿಗೆ ಇಳಿಯುವ ಮುಂಚೆ ಯಲ್ಲಪ್ಪ ನನ್ನನ್ನು ಗಣಿ ಕಚೇರಿಯ ಕಿಟಕಿಯಲ್ಲಿ ತೋರಿಸಬೇಕಿತ್ತು. ಗುಮಾಸ್ತ ನಂಬರು ನೋಡಿ ಅವನ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದ. ಆಮೇಲೆ ನನ್ನ ವಾಸ ಯಲ್ಲಪ್ಪನ ಉಡಿದಾರದಲ್ಲಿ. ಹೀಗಾಗಿ ನಾನು ಮನುಷ್ಯರನ್ನು ಕಂಡದ್ದೆಲ್ಲ ಹೊಟ್ಟೆಯ ಮಟ್ಟದಿಂದ.

ಕಲ್ಲಿನ ಧೂಳು ಕುಡಿದು ಕುಡಿದು ಯಲ್ಲಪ್ಪನ ಹೊಟ್ಟೆ ಕೆಮ್ಮಿಗೆ ಕುಲುಕತೊಡಗಿತು. ಕೊನೆಗೆ ಹಾಸಿಗೆ ಹಿಡಿದ. ಕೆಲಸಕ್ಕೆ ಹೋಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದರೆ ಕೂಲಿಲೈನಿನ ತಟ್ಟಿ ಮನೆಯೂ ಹೋಗುತ್ತದೆ. ಅದಕ್ಕೆ ಕೂಲಿಗಳೇ ಒಂದು ಉಪಾಯ ಕಂಡುಕೊಂಡಿದ್ದರು. ಕಾಯಿಲೆ ಬಿದ್ದವನ ಬಿಲ್ಲೆ ಕಟ್ಟಿಕೊಂಡು ನೆಂಟನೊಬ್ಬ ಬದಲಿಗೆ ಇಳಿಯುವುದು. ಯಲ್ಲಪ್ಪನ ತಂಗಿಯ ಗಂಡ ತಿಮ್ಮರಾಯ, ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು, ಕೆಲಸ ಹುಡುಕಿಕೊಂಡು ಆಗಷ್ಟೇ ಬಂದಿದ್ದ.

“ಬಾವ, ನಾನು ಎದ್ದು ಓಡಾಡೋಗಂಟ ನೀನು ಇಳಿ. ಯಾರಾನ ಕೇಳಿದ್ರೆ ಯಲ್ಲಪ್ಪ ಅನ್ನು,” ಎಂದ ಯಲ್ಲಪ್ಪ. “ಅಲ್ಲಿ ಮಕ ಯಾರೂ ನೋಡಲ್ಲ, ಬಿಲ್ಲೆ ನೋಡ್ತಾರೆ.”

ತಿಮ್ಮರಾಯನಿಗೆ ಕತ್ತಲೆಂದರೆ ಭಯ. ಕೆಳಗಿಳಿಯುವಾಗ ನನ್ನನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿರುತ್ತಿದ್ದ. ಯಲ್ಲಪ್ಪ ಎಂದೂ ಹಾಗೆ ಹಿಡಿದವನಲ್ಲ. ಮುಚ್ಚುಮರೆ ಏಕೆ, ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ಒಂದು ದಿನ ಒಳಗೆ ಬಂಡೆ ಸಿಡಿಯಿತು. ತಿಮ್ಮರಾಯನನ್ನು ಮೇಲೆ ತಂದಾಗ ಮುಖದಲ್ಲಿ ಗುರುತು ಉಳಿದಿರಲಿಲ್ಲ. ಗುರುತು ಹೇಳಿದವನು ನಾನೇ. ಗುಮಾಸ್ತ ನಂಬರು ನೋಡಿ, ಯಲ್ಲಪ್ಪ ಸತ್ತನೆಂದು ಬರೆದುಕೊಂಡ. ಯಲ್ಲಪ್ಪನ ಹೆಂಡತಿಯನ್ನು ಕರೆಸಿದರು. ನಿಜ ಹೇಳಿದರೆ ಪರಿಹಾರ ಹೋಗುತ್ತದೆ, ಗಂಡನಿಗೆ ಜೈಲೂ ಆದೀತು. ಅವಳು ಎದೆ ಬಡಿದುಕೊಂಡು “ಅಯ್ಯೋ ನನ್ ಗಂಡ!” ಎಂದು ಕೂಗಿದಳು. ಅವಳ ಕಣ್ಣೀರು ನಿಜವಾದದ್ದೇ. ಮಾತು ಮಾತ್ರ ಸುಳ್ಳು.

ಸತ್ತವನ ಬಿಲ್ಲೆ ಅಪಶಕುನವೆಂದು ನನ್ನನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಮೇಜಿನ ಖಾನೆಯೊಂದರಲ್ಲಿ ಕಿಲುಬು ಹಿಡಿಯುತ್ತ ಬಿದ್ದಿದ್ದೆ. ಗಣಿಗೆ ಬೀಗ ಬಿದ್ದು ಎಷ್ಟೋ ಕಾಲವಾದ ಮೇಲೆ ಹಳೆಯ ದಾಖಲೆಗಳನ್ನು ಒಂದು ಕೋಣೆಯಲ್ಲಿ ಜೋಡಿಸಿಟ್ಟರು. ನಾನೂ ಅಲ್ಲಿನ ಗಾಜಿನ ಪೆಟ್ಟಿಗೆ ಸೇರಿದೆ. ಕೋಣೆ ನೋಡಿಕೊಳ್ಳುವ ಸ್ಯಾಮ್ಯುಯೆಲ್ ನನ್ನ ಕೆಳಗೆ “ಯಲ್ಲಪ್ಪ” ಎಂದು ಚೀಟಿ ಅಂಟಿಸಿದ. ಸಮುದ್ರ ದಾಟಿ ಬರುವ ದೊರೆಗಳ ಮೊಮ್ಮಕ್ಕಳಿಗೆ ಅಲ್ಲಿ ಅಜ್ಜನ ಹೆಸರು, ಪಟ, ಗೋರಿಯ ವಿಳಾಸ ಎಲ್ಲವೂ ಸಿಗುತ್ತದೆ. ಕೂಲಿಗಳ ಕಡೆಯವರು ಬರುವುದೇ ಅಪರೂಪ.

ಒಮ್ಮೆ ತಲೆ ನೆರೆತ ಹೆಂಗಸೊಬ್ಬಳು ಒಂಟಿಯಾಗಿ ಬಂದಳು. ತನ್ನ ಊರು ಹೇಳಿ, ಹೆಸರು ಮುನಿರತ್ನಮ್ಮ ಎಂದಳು.

“ನಮ್ ತಾತನ್ನ ಹುಡುಕ್ತಿದೀನಿ ಸಾರ್. ತಿಮ್ಮರಾಯ ಅಂತ. ಗಣಿಗೆ ಬಂದೋನು ತಿರುಗಿ ಬರ್ಲಿಲ್ಲ. ಇಲ್ಲೇ ಇನ್ನೊಬ್ಬಳ್ನ ಕಟ್ಕಂಡ ಅಂತ ಊರೆಲ್ಲ ಆಡ್ಕಂತು. ಅಜ್ಜಿ ಸಾಯೋಗಂಟ ಕುಂಕುಮ ಇಟ್ಕಂಡು ಕಾದ್ಲು. ಓಡೋದ್ನೋ, ಸತ್ತೋದ್ನೋ, ಅಷ್ಟು ಗೊತ್ತಾದ್ರೆ ಸಾಕು.”

ಸ್ಯಾಮ್ಯುಯೆಲ್ ಪುಸ್ತಕಗಳನ್ನೆಲ್ಲ ತಿರುವಿಹಾಕಿ ತಲೆಯಾಡಿಸಿದ.

“ಆ ಹೆಸರೇ ಇಲ್ಲಮ್ಮ. ನಿಮ್ಮೂರಿನವರು ಒಬ್ಬರೇ ಇರೋದು, ಯಲ್ಲಪ್ಪ. ಬಂಡೆ ಸಿಡಿದು ಸತ್ತುಹೋದರು. ಇಲ್ಲಿದೆ ನೋಡಿ ಅವರ ಬಿಲ್ಲೆ.” ಅವನು ನನ್ನನ್ನು ತೆಗೆದು ಅವಳ ಅಂಗೈಗೆ ಹಾಕಿದ.

“ಯಲ್ಲಪ್ಪ ತಾತನಾ? ನಮ್ ಅಜ್ಜೀ ಅಣ್ಣ! ಅವರೆಲ್ಲಿ ಇಲ್ಲಿ ಸತ್ರು? ನನ್ನ ಎತ್ತಾಡ್ಸಿದೋರು ಸಾರ್. ವರ್ಷಾ ವರ್ಷಾ ರಾಗಿ ಮೂಟೆ ತಂದು ಬಾಗ್ಲಲ್ಲಿ ಇಳಿಸೋರು. ಅಜ್ಜಿ ಎಷ್ಟ್ ಕರೆದ್ರೂ ಒಳಗೆ ಬಂದು ಒಂದು ತುತ್ತು ಉಣ್ಣಲಿಲ್ಲ. ತಿಮ್ಮರಾಯ ಎರಡು ದಿನ ಇದ್ದು ಎಲ್ಲಿಗೋ ಹೋದ ಅಂತ ಅವರೇ…”

ಅವಳು ನನ್ನನ್ನು ತಿರುಗಿಸಿ ನೋಡಿದಳು. ಯಲ್ಲಪ್ಪ ಸತ್ತನೆಂದು ಬರೆದದ್ದು ಯಾವ ವರ್ಷ ಎಂದು ಕೇಳಿದಳು. ಸ್ಯಾಮ್ಯುಯೆಲ್ ಓದಿ ಹೇಳಿದ.

“ನಮ್ಮಪ್ಪ ಹುಟ್ಟಿದ ವರ್ಷ,” ಎಂದಳು.

“ಆ ಕಾಲದಲ್ಲಿ ಒಬ್ಬರ ಬದಲು ಒಬ್ಬರು ಇಳಿಯೋದು ಇತ್ತಮ್ಮ,” ಎಂದ ಸ್ಯಾಮ್ಯುಯೆಲ್ ಮೆಲ್ಲಗೆ.

ಅವಳ ಬೆರಳುಗಳು ನನ್ನ ಸುತ್ತ ಮುಚ್ಚಿಕೊಂಡವು. “ಓಡೋಗಿರ್ಲಿಲ್ಲ ಕಣಜ್ಜೀ, ಓಡೋಗಿರ್ಲಿಲ್ಲ,” ಎಂದು ಅತ್ತಳು. ಅಳಲು ಬಾರದ ಲೋಹವಾಗಿ ಹುಟ್ಟಿದ್ದಕ್ಕೆ ನನಗೆ ಅಂದಿನಷ್ಟು ಸಂಕಟ ಎಂದೂ ಆಗಿರಲಿಲ್ಲ.

ಕಣ್ಣೊರೆಸಿಕೊಂಡು ಹೇಳಿದಳು: “ಹಿರೇರ ಹಬ್ಬಕ್ಕೆ ಯಲ್ಲಪ್ಪ ತಾತಂಗೆ ಎಡೆ ಇಕ್ತಾನೇ ಇದೀವಿ ಸಾರ್. ನಮ್ ತಾತಂಗೆ ಇಕ್ಕಿಲ್ಲ. ಸತ್ತಿರೋದೇ ಗೊತ್ತಿಲ್ದಿದ್ರೆ ಹೆಂಗಿಕ್ಕೋದು? ಈ ಸಲ ಇಕ್ತೀನಿ.” ಆಮೇಲೆ ದನಿ ಸಣ್ಣಗಾಯಿತು. “ಸತ್ತೋರಿಗೆ ಏನಿಷ್ಟವೋ ಅದನ್ನ ಮಾಡಿಕ್ಕಬೇಕು. ತಾತಂಗೆ ಏನಿಷ್ಟ ಅಂತ ಹೇಳೋಕೆ ಒಬ್ರೂ ಉಳಿದಿಲ್ವಲ್ಲ.”

ನಾನಿದ್ದೇನೆ. ಅವನು ಕತ್ತಲಲ್ಲಿ ಬುತ್ತಿ ಬಿಚ್ಚುವಾಗ ನಾನು ಅವನ ತೊಡೆಯ ಮೇಲೇ ಇರುತ್ತಿದ್ದೆ. ಮುದ್ದೆಯ ಜೊತೆ ಹುಚ್ಚೆಳ್ಳಿನ ಚಟ್ನಿ ಇದ್ದರೆ ಅವನಿಗೆ ಭಯವೂ ಮರೆಯುತ್ತಿತ್ತು. “ನಮ್ಮೋಳು ಮಾಡಿದ್ರೆ ಇನ್ನೂ ಕಾರ,” ಎಂದು ಪಕ್ಕದವನಿಗೆ ಹೇಳಿ ನಗುತ್ತಿದ್ದ.

ಮುನಿರತ್ನಮ್ಮ ನನ್ನನ್ನು ಕಣ್ಣಿಗೊತ್ತಿಕೊಂಡು ಸ್ಯಾಮ್ಯುಯೆಲ್‌ನ ಕೈಗೆ ಕೊಟ್ಟಳು. ಅವನು ಗಾಜು ಮುಚ್ಚಿದ. ಅವಳು ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿಯುತ್ತಿದ್ದಳು. ಹುಚ್ಚೆಳ್ಳಿನ ಚಟ್ನಿ, ತಾಯಿ, ಕಾರ ಜಾಸ್ತಿ ಇರಲಿ ಎಂದು ನಾನು ಒಳಗಿಂದ ಕೂಗಿದೆ, ಕೂಗಿದೆ. ಅವಳು ತಿರುಗಿ ನೋಡಲಿಲ್ಲ.