ಬೂಟಿನೊಳಗಿನ ಕೇರಿ

ಇಟಲಿಯ ಸಿಯೆನಾಕ್ಕೆ ಬಂದ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಿ ಊರು ತೋರಿಸುವುದು ಒತ್ತೊರಿನೋನ ಕೆಲಸ. ಮೂವತ್ತೊಂದು ವರ್ಷದಿಂದ ಇದೇ. ಅಷ್ಟು ವರ್ಷವೂ ಆಮೆ ಕೇರಿಯನ್ನು ಮಾತ್ರ ಅವನು ಬೆನ್ನು ತಿರುಗಿಸಿಕೊಂಡೇ ತೋರಿಸಿದ್ದ. ಗಡಿಯಲ್ಲಿ ನಿಂತು, ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ಮಾಡಿ, "ಅಲ್ಲೊಂದು ಚರ್ಚಿದೆ, ನೋಡ್ಕೊಂಡ್ ಬನ್ನಿ, ನಾನಿಲ್ಲೇ ಇರ್ತೀನಿ" ಅನ್ನುತ್ತಿದ್ದ. ಯಾಕೆಂದರೆ ಅವನದು ಬಸವನಹುಳು ಕೇರಿ. ದೊಡ್ಡ ಚೌಕದಲ್ಲಿ ವರ್ಷಕ್ಕೆರಡು ಸಲ ಕೇರಿಕೇರಿಗಳ ನಡುವೆ ಕುದುರೆ ಪಂದ್ಯ ನಡೆಯುತ್ತದೆ. ಬಸವನಹುಳು ಸೋತರೂ ಅಡ್ಡಿಯಿಲ್ಲ, ಆಮೆ ಗೆಲ್ಲಕೂಡದು. ಬಸವನಹುಳಕ್ಕೂ ಆಮೆಗೂ ಓಟದ ಜಗಳವೇ ಎಂದು ನಗುವವರು ಹೊರಗಿನವರು, ಊರಿನವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ಇಂಥವನ ಮಗಳು ಫಿಯಮ್ಮೆತ್ತಾ ಹೋಗಿ ಹೋಗಿ ಆಮೆ ಕೇರಿಯವನನ್ನೇ ಕಟ್ಟಿಕೊಂಡಳು. ಒತ್ತೊರಿನೋ ಹಟ ಹಿಡಿದು ಮದುವೆಯನ್ನೇನೋ ತನ್ನ ಕೇರಿಯಲ್ಲೇ ಮಾಡಿಸಿದ. ಆದರೆ ಎರಡು ವರ್ಷವಾದರೂ ಮಗಳ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಅವಳೇ ಭಾನುವಾರ ಬಂದು ಹೋಗುತ್ತಿದ್ದಳು. ಬಸಿರು ಭಾರವಾದ ಮೇಲೆ ಅದೂ ನಿಂತಿತು.

ಈ ಊರಲ್ಲಿ ಮಗು ಯಾವ ಮಣ್ಣಿನ ಮೇಲೆ ಹುಟ್ಟುತ್ತದೋ ಆ ಕೇರಿಯದು. ಆಸ್ಪತ್ರೆ ಬೇಡ, ಹೆರಿಗೆ ನಮ್ಮ ಮನೆಯಲ್ಲೇ ಆಗಲಿ ಎಂದು ಬೀಗಿತ್ತಿ ಆರ್ಜಿಯಾ ಪಟ್ಟು ಹಿಡಿದಳು. ಒತ್ತೊರಿನೋ ಏನು ಕಮ್ಮಿಯೇ? ತನ್ನ ಹಿತ್ತಲಿನ ಮಣ್ಣು ಅಗೆದು ಒಂದು ಸಣ್ಣ ಚೀಲ ತುಂಬಿಟ್ಟ. ಹೆರುವವಳ ಮಂಚದ ಕೆಳಗೆ ಈ ಮಣ್ಣಿಟ್ಟರೆ ಮುಗಿಯಿತು, ಮಗು ಬಸವನಹುಳು. ಹಿರಿಯರು ಮಾಡುತ್ತಿದ್ದುದೂ ಹಾಗೆಯೇ.

ಪಂದ್ಯಕ್ಕೆ ಇನ್ನೆರಡು ದಿನವಿತ್ತು. ಹನ್ನೊಂದು ಜನ ಪ್ರವಾಸಿಗರನ್ನು ಕಟ್ಟಿಕೊಂಡು ಹೊರಟಿದ್ದಾಗ ಬ್ರೆಡ್ಡಿನಂಗಡಿಯ ದೂಚ್ಚೋ ಬಾಗಿಲಿಂದಲೇ ಕೂಗಿದ. "ಒತ್ತೊರಿನೋ, ನಿನ್ ಮಗಳಿಗೆ ನೋವು ಶುರುವಾಗಿದೆಯಂತೆ ಕಣೋ. ಸೂಲಗಿತ್ತಿನೂ ಬಂದಾಯ್ತು."

ಒತ್ತೊರಿನೋ ಗುಂಪನ್ನು ನೆಟ್ಟಗೆ ತನ್ನ ಮನೆಗೆ ನಡೆಸಿದ. ಅವನು ಮಣ್ಣಿನ ಚೀಲ ತರುವಷ್ಟರಲ್ಲಿ ಅವರೆಲ್ಲ ಅವನ ಹಿತ್ತಲಿನ, ಒಣಹಾಕಿದ್ದ ಚಡ್ಡಿಗಳ ಫೋಟೋ ತೆಗೆದುಕೊಂಡಿದ್ದರು. ಅಲ್ಲಿಂದ ಗಡಿಗೆ ಬಂದ. ಕಾಲು ಏಳಲಿಲ್ಲ. ಇನ್ನೊಂದು ಬೀದಿಯಿಂದ ಹೋದರಾದೀತು ಎಂದು ಸುತ್ತಿ ಬಂದ, ಮತ್ತೂ ಸುತ್ತಿದ. ಪಂದ್ಯದ ವಾರದಲ್ಲಿ ಆಮೆಯ ನೆಲ ತುಳಿಯುವುದೆಂದರೇನು?

"ಈ ಕಾರಂಜಿ ಮೂರ್ನೇ ಸಲ ನೋಡ್ತಿದೀವಿ" ಅಂದಳು ಹೆಂಡ್ರಿಕಾ. ಹಾಲೆಂಡಿನ ನಿವೃತ್ತ ಟೀಚರು, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವವಳು.

"ಮೂರು ಸಲ ನೋಡಿದ್ರೇನೇ ಇದರ ಬೆಲೆ ಗೊತ್ತಾಗೋದು" ಅಂದ ಒತ್ತೊರಿನೋ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ, ಚೀಲದ ಮಣ್ಣನ್ನೆಲ್ಲ ಎರಡಕ್ಕೂ ಸುರಿದು, ಅದರೊಳಗೆ ಕಾಲು ತುರುಕಿದ. ಇನ್ನು ಎಲ್ಲಿ ಹೆಜ್ಜೆಯಿಟ್ಟರೂ ಪಾದ ಇರುವುದು ತನ್ನ ಕೇರಿಯಲ್ಲೇ.

"ನಾವೂ ಹಾಕ್ಕೋಬೇಕಾ?" ಹೆಂಡ್ರಿಕಾ ಕೇಳಿದಳು.

"ನಿಮಗೆ ಬೇಡ. ನೀವು ಯಾವ ಕೇರಿಯವರೂ ಅಲ್ಲ, ಪಾಪ" ಅಂದ.

ಕುಂಟುತ್ತ ಆಮೆ ಕೇರಿಯೊಳಗೆ ನಡೆದ. ಬಾವುಟ ಕಟ್ಟುತ್ತಿದ್ದವರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು. "ಏನಯ್ಯಾ ಬಸವನಹುಳ, ದಾರಿ ತಪ್ತಾ?" ಅಂದನೊಬ್ಬ.

"ನಾನು ನಿಮ್ಮ ಕೇರಿಗೆ ಬಂದೇ ಇಲ್ಲ. ನಮ್ಮ ಮಣ್ಣಿನ ಮೇಲೇ ಇದೀನಿ" ಎಂದು ಒಂದು ಬೂಟು ಬಿಚ್ಚಿ ತೋರಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೊಬ್ಬ ಕನ್ನಡಕ ಹಾಕಿಕೊಂಡು ಬೂಟಿನೊಳಗೆ ಇಣುಕಿ, ತುಂಬಾ ಹೊತ್ತು ಯೋಚಿಸಿ, "ಇವನು ಹೇಳೋದು ಸರಿ, ಇವನಿಲ್ಲಿಲ್ಲ" ಎಂದು ತೀರ್ಪು ಕೊಟ್ಟ. ಎಲ್ಲರೂ ದಾರಿ ಬಿಟ್ಟರು.

ಮಗಳ ಮನೆಯ ಬಾಗಿಲಲ್ಲಿ ಆರ್ಜಿಯಾ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದಳು. "ಬನ್ನಿ ಬೀಗರೇ, ಕೊನೆಗೂ ದಾರಿ ಸಿಕ್ತು. ಈಗಷ್ಟೇ ಒರೆಸಿದೀನಿ, ಬೂಟು ಹೊರಗೆ ಬಿಡಿ."

"ಬಿಟ್ರೆ ನಿಮ್ಮ ನೆಲ ತುಳಿದ ಹಾಗಾಗತ್ತೆ."

"ಹಂಗಾದ್ರೆ ಅಲ್ಲೇ ನಿಂತಿರಿ. ನಿಮ್ಮ ಮಗಳಿಗೆ ಈ ಎರಡು ವರ್ಷ ನಾನೇ ಇದ್ದೆ, ಇವತ್ತೂ ಇರ್ತೀನಿ."

ಆ ಮಾತು ಚುರ್ರೆಂದಿತು. ಅಷ್ಟರಲ್ಲಿ ಮೇಲಿನ ಕೋಣೆಯಿಂದ "ಅಪ್ಪಾ" ಎಂದು ಮಗಳು ನರಳಿದ್ದು ಕೇಳಿಸಿತು. ಬೂಟು ಎಲ್ಲಿ ಕಳಚಿತೋ, ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಫಿಯಮ್ಮೆತ್ತಾ ಅವನ ಕೈ ಹಿಡಿದವಳು ಮೂಳೆ ಮುರಿಯುವ ಹಾಗೆ ಹಿಂಡಿದಳು. ಒಂದು ಗಂಟೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಮಗು ಅತ್ತ ಮೇಲೆ ಅವನಿಗೆ ಮಣ್ಣಿನ ನೆನಪಾಯಿತು. ತಲೆ ಚಚ್ಚಿಕೊಂಡ. "ಕೆಟ್ಟೆ ಕಣೇ. ಮಣ್ಣು ಬಾಗಿಲಲ್ಲೇ ಉಳೀತು. ಮಗು ಆಮೆಯಾಗಿ ಹೋಯ್ತಲ್ಲೇ."

"ಮಂಚದ ಕೆಳಗೆ ನೋಡಪ್ಪ."

ಬಗ್ಗಿ ನೋಡಿದ. ಒಂದು ಕಡೆ ಬೀಗಿತ್ತಿ ಇಟ್ಟಿದ್ದ ಆಮೆ ಕೇರಿಯ ಮಣ್ಣಿನ ಡಬ್ಬಿ. ಅದಕ್ಕೆ ತಾಗಿಕೊಂಡೇ ಕಾಮಕಸ್ತೂರಿಯ ಕುಂಡ, ಮದುವೆ ದಿನ ಮಗಳು ಅವನ ಹಿತ್ತಲಿಂದ ಎತ್ತಿಕೊಂಡು ಹೋಗಿದ್ದು.

"ಮಣ್ಣು ಬಂದು ಎರಡು ವರ್ಷ ಆಯ್ತಪ್ಪ" ಅಂದಳು. "ನೀನೇ ಬಂದಿರ್ಲಿಲ್ಲ."

ಒತ್ತೊರಿನೋಗೆ ಮಂಚದ ಕೆಳಗಿಂದ ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ನಾಚಿಕೆಯಾಗಿತ್ತು, ಕಣ್ಣೂ ಒದ್ದೆಯಾಗಿತ್ತು. ಆರ್ಜಿಯಾ ಮಗುವನ್ನು ತಂದು ಅವನ ಕೈಗಿತ್ತಳು. "ಹಿಡ್ಕೊಳ್ಳಿ, ಅರ್ಧ ನಿಮ್ದು. ಯಾವ ಅರ್ಧ ಅಂತ ಪಂದ್ಯ ಮುಗಿದ್ಮೇಲೆ ಜಗಳ ಆಡೋಣ."

ಕೆಳಗಿಳಿದಾಗ ಹನ್ನೊಂದು ಜನವೂ ಬಾಗಿಲ ಮುಂದೆ ಕಾಯುತ್ತಿದ್ದರು, ಚಪ್ಪಾಳೆ ತಟ್ಟಿದರು. "ಇದು ದಿನಾ ಇದೇ ಹೊತ್ತಿಗೆ ಇರತ್ತಾ?" ಹೆಂಡ್ರಿಕಾ ಕೇಳಿದಳು, ಪೆನ್ನು ಹಿಡಿದು.

ಒತ್ತೊರಿನೋ ಬೂಟು ಎತ್ತಿಕೊಂಡ. ಮಣ್ಣನ್ನು ಅಲ್ಲೇ ಬೀದಿಗೆ ಕೊಡವಿದ. ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಮುಂದೆ ನಡೆದ.

"ಬನ್ನಿ, ಆ ಚರ್ಚಿಗೆ ಹೋಗೋಣ" ಅಂದ. "ನಾನೂ ನೋಡಿಲ್ಲ."