ಮುದುಕಮ್ಮನ ಹೆಬ್ಬೆಟ್ಟು

ಶೋಭಾರಾಣಿ ಹುಣಸೆಹಣ್ಣು ಹಚ್ಚಿ ಸತ್ತ ಅತ್ತೆಯ ಎಡಗೈ ಹೆಬ್ಬೆರಳನ್ನು ತಿಕ್ಕಿದ್ದೇ ತಿಕ್ಕಿದ್ದು. ಉಗುರಿನ ಸಂದಿಯಲ್ಲಿ ಕೂತ ನೀಲಿ ಮಸಿ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಒತ್ತಿಸ್ಕೊಂಡು ಎಂಟು ದಿನ ಆತು. ಮಣ್ಣಿಗೆ ಹೋಗೂ ಮುಂದರ ಕೈ ಸ್ವಚ್ಛ ಇರಬಾರದೇನು?" ಅಂದಳು, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ.

ನೀರು ಹಾಕುತ್ತಿದ್ದ ದುರ್ಗಾದೇವಿಗೆ ಆ ಮಾತು ಚುರುಕ್ಕೆಂದಿತು. ಒತ್ತಿಸಿಕೊಂಡವಳು ಅವಳೇ. ಅವ್ವನಿಗೆ ತವರಿನವರು ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಮೂರೆಕರೆ ಹೊಲ, ಎಂಟು ದಿನದ ಹಿಂದೆ ದಾನಪತ್ರವಾಗಿ ಮಗಳ ಹೆಸರಿಗೆ ಬಂದಿತ್ತು. ಕೇಳಿದವಳೂ ಅವಳೇ. "ಅವ್ವಾ, ಹೊಲ ನನಗ ಕೊಡ್ತಿಯೇನು?" ಅಂದದ್ದಕ್ಕೆ ಮುದುಕಮ್ಮ "ಹ್ಞೂಂ" ಅಂದಿದ್ದಳು.

ತೊಡಕು ಇದ್ದದ್ದು ಅಲ್ಲಿಯೇ. ಮುದುಕಮ್ಮ ಎಲ್ಲದಕ್ಕೂ ಹ್ಞೂಂ ಅನ್ನುವವಳು. ಗಂಡ ಬೈದರೂ ಹ್ಞೂಂ, ಸೊಸೆ ತಂಗಳು ರೊಟ್ಟಿ ಕೊಟ್ಟರೂ ಹ್ಞೂಂ. ಮನೆಯವರೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದರು, ದುರ್ಗಾದೇವಿಯೂ ನಕ್ಕಿದ್ದಳು. ಹಿಟ್ನಾಳದ ಗಂಡನ ಮನೆಯಿಂದ ಬೆಳಿಗ್ಗೆ ಎದ್ದು ಬಿದ್ದು ಬಂದಾಗಿನಿಂದ ಆ ಹ್ಞೂಂ ಅವಳನ್ನು ತಿನ್ನುತ್ತಿತ್ತು. ಅವ್ವ ಮನಸ್ಸಿನಿಂದ ಕೊಟ್ಟಳೋ, ಎಂದಿನಂತೆ ಸುಮ್ಮನೆ ಅಂದಳೋ? ಹೇಳಬೇಕಾದವಳು ಕಣ್ಣು ಮುಚ್ಚಿದ್ದಳು.

ಮೈ ತೊಳೆದು ಅಂಗಳದಲ್ಲಿ ಮಲಗಿಸಿದರು. ಹೂವಿಗೆಂದು ಕುಕನೂರಿಗೆ ಹೋದವರು ಇನ್ನೂ ಬಂದಿರಲಿಲ್ಲ. ತಮ್ಮ ಮಲ್ಲೇಶ ಬಂದು ಪಕ್ಕದಲ್ಲಿ ಕೂತ.

"ಅಕ್ಕಾ, ನಾ ಜಗಳಾ ತಗ್ಯಾಂಗಿಲ್ಲ. ಆದ್ರ ನೀನ ಹೇಳು, ಅವ್ವ ತಿಳಿದು ಒತ್ತಿದ್ಲೇನು?"

"ತಿಳಿಯೂದೇನು ಬಂತು?" ಶೋಭಾರಾಣಿ ನಡುವೆ ಬಾಯಿ ಹಾಕಿದಳು. "ಅತ್ತಿ ಬಾಯಾಗ ಒಲ್ಲೆ ಅನ್ನೂ ಮಾತ ಹುಟ್ಟಿದ್ದಿಲ್ಲ."

ದುರ್ಗಾದೇವಿಯ ನಾಲಿಗೆ ತುದಿಗೆ 'ಹೊಲ ನೀವ ಇಟ್ಕೋರಿ' ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಮುದುಕನೊಬ್ಬ ಹೋ ಎಂದು ನಕ್ಕುಬಿಟ್ಟ. ಅದೇ ಊರಿನ ಗಾಳೆಪ್ಪ, ನೋಂದಣಿ ಕಚೇರಿಯಲ್ಲಿ ಜವಾನನಾಗಿದ್ದವನು. ಹೆಣದ ಮುಂದೆ ನಗುವುದೆಂದರೇನು! ಎಲ್ಲರೂ ಅವನತ್ತ ಕಣ್ಣು ಬಿಟ್ಟರು.

"ಬೈಬ್ಯಾಡ್ರಿ. ಆಕಿ ಇರೂತನಕ ಬಾಯಿ ಬಿಡಂಗಿಲ್ಲ ಅಂತ ಮಾತು ಕೊಟ್ಟಿದ್ದೆ. ನಲವತ್ತೈದು ವರ್ಷ ಹೊಟ್ಟ್ಯಾಗ ಇಟ್ಕೊಂಡು ನನಗ ಅಜೀರ್ಣ ಆಗೇತಿ."

*

ಆಗಿನ ನೋಂದಣಿ ಸಾಹೇಬರು ಹಳೇ ಕಾಲದ ರಿವಾಜೊಂದನ್ನು ಬಿಟ್ಟಿರಲಿಲ್ಲ. ಹೆಂಡತಿಯ ಆಸ್ತಿ ಬರೆಸಲು ಗಂಡ ಬಂದರೆ, ಮೊದಲು ಗಂಡ ಹೊರಗೆ. ಅವನನ್ನು ಚಹಾದಂಗಡಿಯಲ್ಲಿ ಕೂರಿಸಿ ಬರುವುದು ಗಾಳೆಪ್ಪನ ಕೆಲಸ. ಆಮೇಲೆ ಪತ್ರ ಓದಿ ಹೇಳಿ, ಹೆಂಗಸೊಬ್ಬಳನ್ನೇ ಕೇಳುತ್ತಿದ್ದರು: "ಯಾರರ ಅಂಜಿಸ್ಯಾರೇನವ್ವಾ? ನಿನ್ನ ಖುಷಿಲೆ ಒತ್ತತಿಯೇನು?" ಬಹಳ ಮಂದಿ ಬಾಗಿಲ ಕಡೆ ಒಮ್ಮೆ ನೋಡಿ ಹ್ಞೂಂ ಅನ್ನುತ್ತಿದ್ದರು.

ಮುದುಕಮ್ಮನ ಗಂಡನಿಗೆ ಆ ಹೊಲ ಮಾರಿ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಹುಚ್ಚು ಹತ್ತಿತ್ತು. ಸಾಹೇಬರು ಕೇಳಿದಾಗ ಮುದುಕಮ್ಮ ಬಾಗಿಲ ಕಡೆ ನೋಡಲಿಲ್ಲ. ಗಾಳೆಪ್ಪ ಮಸಿ ಡಬ್ಬಿ ತೆರೆದು ಹಿಡಿದಿದ್ದ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಒಲ್ಲೆರಿ ಸಾಹೇಬ್ರ. ಅದು ನಮ್ಮಪ್ಪ ನನಗ ಕೊಟ್ಟದ್ದು. ಆದ್ರ ಒಲ್ಲೆ ಅಂದೆ ಅಂತ ಹೊರಗ ಹೇಳಬ್ಯಾಡ್ರಿ. ನಾ ತಿರುಗಿ ಮನಿಗೆ ಹೋಗಬೇಕಲ್ಲರಿ."

ಸಾಹೇಬರು ಗಂಡನನ್ನು ಕರೆಸಿ, ಪಡುವಲ ಬದು ತಪ್ಪು ಬರೆದಿದೆ ಎಂದು ಪತ್ರ ತಿರುಗಿಸಿ ಕೊಟ್ಟರು. ಮರುವರ್ಷ ಮೂಡಲ ಬದು ತಪ್ಪಿತ್ತು. ಅದರ ಮರುವರ್ಷ ಸರ್ವೆ ನಂಬರಿನ ಮೇಲೆ ಮಸಿ ಚೆಲ್ಲಿತ್ತು. ಚೆಲ್ಲಿದವನು ಗಾಳೆಪ್ಪನೇ. ಗಂಡ ಪತ್ರ ಬರೆಯುವವರನ್ನು ಬದಲಿಸಿ ಬದಲಿಸಿ ಸಾಕಾಗಿ, ಅಕ್ಕಿಯ ಆಸೆಯನ್ನೇ ಬಿಟ್ಟ.

*

"ಅಪ್ಪ ಸಾಯೂತನಕ ಅದನ್ನ ಅಂತಿದ್ದ," ಮಲ್ಲೇಶ ಮೆಲ್ಲಗೆ ಹೇಳಿದ. "'ಓದಿದ ಮಂದಿಗೆ ಒಂದು ಹೊಲದ ಬದು ಬರಿಯಾಕ ಬರಂಗಿಲ್ಲ' ಅಂತ." ಅವನಿಗೆ ನಗುವೂ ಬಂತು, ಅಳುವೂ ಬಂತು.

"ಕಾಕಾ, ಮೂರು ಸಲನೂ ಒಲ್ಲೆ ಅಂದ್ಲೇನು?" ದುರ್ಗಾದೇವಿ ಕೇಳಿದಳು.

"ಮೂರು ಸಲನೂ. ಮೊನ್ನಿ ಹೆಂಗಾತು, ನೀ ಹೇಳವ್ವಾ. ಮುಷ್ಟಿ ಹಿಡಿದಿದ್ಲೇನು?"

ದುರ್ಗಾದೇವಿಗೆ ಆ ದಿನ ಕಣ್ಣ ಮುಂದೆ ಬಂತು. ಕಚೇರಿಯ ಹುಡುಗಿ "ತಡಿ ಅಜ್ಜಿ, ಇನ್ನೂ ಓದಿಲ್ಲ" ಅಂದದ್ದು, ಎಲ್ಲರೂ ನಕ್ಕದ್ದು. ಮುದುಕಿಗೆ ಅರಳುಮರಳು ಎಂದುಕೊಂಡು ತಾನೂ ನಾಚಿದ್ದಳು.

"ಇಲ್ಲ ಕಾಕಾ. ಡಬ್ಬಿ ಬಿಚ್ಚೂಕಿಂತ ಮೊದಲ ಬೆರಳು ಚಾಚಿದ್ಲು."

ಅಂದವಳೇ ಗೋಳೋ ಎಂದು ಅತ್ತಳು. ಬೆಳಗಿನಿಂದ ಬಾರದ ಅಳು ಈಗ ಬಂತು. ಅಳುತ್ತ ಅಳುತ್ತ ಎದೆ ಹಗುರಾಯಿತು. ಅವ್ವ ಕೊಟ್ಟಿದ್ದಳು.

ಮಲ್ಲೇಶ ತನ್ನ ಹೆಗಲ ಟವೆಲನ್ನು ಅವಳಿಗೆ ಕೊಟ್ಟ. "ಕಣ್ಣು ಒರಸ್ಕೋ ಅಕ್ಕಾ. ಕುಣಿ ನಿನ್ನ ಹೊಲದಾಗ ತೋಡಿಸೂಣೇನು?"

ನಿನ್ನ ಹೊಲ ಎಂದು ಅವನೇ ಅಂದಿದ್ದ.

ಹೊತ್ತು ಇಳಿಯುವ ಹೊತ್ತಿಗೆ ಮುದುಕಮ್ಮನನ್ನು ಕುಣಿಗೆ ಇಳಿಸಿದರು. ಶೋಭಾರಾಣಿ ಬಗ್ಗಿ ಅತ್ತೆಯ ಎಡಗೈಯನ್ನು ಬಿಳಿ ಬಟ್ಟೆಯೊಳಗೆ ತುರುಕಲು ಹೋದಳು.

"ಮುಚ್ಚಬ್ಯಾಡ ಶೋಭಾ," ದುರ್ಗಾದೇವಿ ತಡೆದಳು. "ಇರಲಿ, ಹೊರಗ ಇರಲಿ."

ಮಲ್ಲೇಶ ಮೊದಲ ಹಿಡಿ ಮಣ್ಣನ್ನು ಕಾಲ ಕಡೆ ಹಾಕಿದ. ಬಿಳಿ ಬಟ್ಟೆಯ ಮೇಲೆ, ಸುತ್ತ ನಿಂತವರಿಗೆಲ್ಲ ಕಾಣುವ ಹಾಗೆ, ನೀಲಿ ಮಸಿಯ ಹೆಬ್ಬೆರಳು ನೆಟ್ಟಗೆ ಚಾಚಿಕೊಂಡಿತ್ತು.